ಗಾಜಿನ ಹಂಚಿನ ಕೆಳಗೆ ಮುತ್ತಿನೋಲೆ

ಡಚ್ ಚಿತ್ರಕಾರ ವರ್ಮೀರನ ಮುತ್ತಿನೋಲೆಯ ಹುಡುಗಿಗೆ ಮೂಗಿನ ಗೆರೆಯೇ ಇಲ್ಲ. ನಂಬಿಕೆ ಬರದಿದ್ದರೆ ಚಿತ್ರ ತೆಗೆದು ನೋಡಿ: ಮೂಗಿನ ಏಣು ಆಚೆಯ ಕೆನ್ನೆಯೊಳಗೆ ಹಾಗೇ ಕರಗಿಹೋಗಿದೆ. ಎಣ್ಣೆಬಣ್ಣದಲ್ಲಿ ಇದರ ನಕಲು ಮಾಡಲು ಕೂತ ಹೊಸಬರು ಮಾತ್ರ ಮೊದಲ ದಿನವೇ ಅಲ್ಲೊಂದು ಗೆರೆ ಎಳೆದಿರುತ್ತಾರೆ. ಮೂಗು ಅಂದಮೇಲೆ ಗೆರೆ ಬೇಡವೇ! ಕಣ್ಣಿನ ಮಾತು ಬಿಟ್ಟು ತಲೆಯ ಮಾತು ಕೇಳುವ ಕೈಗೆ ಹಳೇ ಗುರುಗಳ ಚಿತ್ರಕ್ಕಿಂತ ಒಳ್ಳೆಯ ಮದ್ದಿಲ್ಲ.

ಮೂಲಚಿತ್ರ ಸುಮಾರು 1665ರದು, ನೆದರ್ಲೆಂಡ್ಸಿನ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ 44.5, ಅಗಲ 39 ಸೆಂ.ಮೀ. ಇಷ್ಟು ಸಣ್ಣದಾದ್ದರಿಂದ ಅದೇ ಅಳತೆಯಲ್ಲಿ ಬರೆಯುವುದು ಮೇಲು. ಪ್ರಿಂಟಿನ ಮೇಲೂ ಕ್ಯಾನ್ವಾಸಿನ ಮೇಲೂ 3 ಸೆಂ.ಮೀ. ಚೌಕ ಹಾಕಿದರೆ ಅಡ್ಡಕ್ಕೆ ಸರಿಯಾಗಿ 13, ಉದ್ದಕ್ಕೆ 15. ಕೊನೆಯ ಸಾಲು ಅರ್ಧ ಸೆಂ.ಮೀ. ಗಿಡ್ಡ. ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ ಪ್ರಿಂಟನ್ನು ಅಳತೆಗೆ ನಂಬಿ, ಬಣ್ಣಕ್ಕೆ ನಂಬಬೇಡಿ.

ಮುಂದಿನ ತಕರಾರು ಬೆಳಕಿನದು. ಉತ್ತರದ ಕಿಟಕಿ ಬೇಕು ಎಂಬುದು ಯುರೋಪಿನ ಪಾಠ. ಅಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅವನು ನೆತ್ತಿ ದಾಟಿ ಉತ್ತರಕ್ಕೇ ವಾಲಿರುತ್ತಾನೆ. ಹಳೇ ಹಂಚಿನ ಮನೆಯಲ್ಲಿ ಕಿಟಕಿಯೂ ಸಣ್ಣದು. ಇರುವುದೊಂದು ಗಾಜಿನ ಹಂಚು. ಅದರ ಬಿಸಿಲುಕೋಲು ಗಂಟೆಗೊಂದು ಜಾಗ ಹಿಡಿಯುತ್ತದೆ, ಹುಡುಗಿಯ ಕೆನ್ನೆಯ ನೆರಳನ್ನು ಅಳಿಸಿಬಿಡುತ್ತದೆ. ಹಂಚಿನ ಕೆಳಗೊಂದು ಬಿಳಿ ಪಂಚೆ ಕಟ್ಟಿ. ಬೆಳಕು ಹದಕ್ಕೆ ಬರುತ್ತದೆ.

ಗೆಸ್ಸೊ ಎಂಬ ಬಿಳಿ ತಳಬಣ್ಣ ಹಚ್ಚಿ ಒಣಗಿಸಿದ ಕ್ಯಾನ್ವಾಸಿನ ಮೇಲೆ ಮೊದಲು ಬರೀ ರಾ ಅಂಬರ್ ಎಂಬ ಕಂದು ಮಣ್ಣುಬಣ್ಣ. ಟರ್ಪೆಂಟೈನ್‌ನಲ್ಲಿ ತೆಳುಮಾಡಿ ನೆರಳಿನ ಜಾಗ ತುಂಬಬೇಕು, ಬೆಳಕಿನ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಈ ಪದರಕ್ಕೆ ಅಗಸೆ ಎಣ್ಣೆ ಸೇರಿಸುವಂತಿಲ್ಲ. ಮೈಬಣ್ಣದ ಪದರಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಎಣ್ಣೆ, ಅದರ ಮೇಲಿನದಕ್ಕೆ ಸಮಸಮ. ಕ್ರಮ ತಲೆಕೆಳಗಾದರೆ ಮೇಲಿನದು ಬೇಗ ಬಿಗಿದು, ಕೆಳಗಿನದು ಇನ್ನೂ ಮಿಸುಕುತ್ತಾ, ಚಿತ್ರ ಬಿರುಕು ಬಿಡುತ್ತದೆ. ಮೂಲದ ಮುನ್ನೂರು ವರ್ಷದ ಬಿರುಕುಗಳನ್ನೂ ಸಣ್ಣ ಬ್ರಷ್ಷಿನಿಂದ ಬಿಡಿಸಲು ಹೊರಡುವ ಭಕ್ತರಿದ್ದಾರೆ. ಆ ಕಷ್ಟ ಬೇಡ, ಅವಸರ ಪಟ್ಟರೆ ತಾನೇ ಬರುತ್ತದೆ.

ಅವಸರಕ್ಕೆ ಮಲೆನಾಡಿನ ಮಳೆಗಾಲವಂತೂ ಕಾಲವಲ್ಲ. ಕಣದ ಕಾಫಿ ಒಣಗುವುದು ನೀರು ಆರಿ. ಎಣ್ಣೆಬಣ್ಣದಲ್ಲಿ ಟರ್ಪೆಂಟೈನ್ ಆರಿದರೂ ಎಣ್ಣೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಥಂಡಿಯಲ್ಲಿ ಅದು ನಿಧಾನ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಬಿಗಿಯುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ಮಾತ್ರ ದಿನಗಟ್ಟಲೆ ಬೆರಳಿಗೆ ಅಂಟುತ್ತಲೇ ಇರುತ್ತದೆ. ಒಲೆಯ ಹತ್ತಿರ ಇಟ್ಟರೆ ಮಸಿ ಕೂರುತ್ತದೆ, ಗೋಡೆಗೆ ಒರಗಿಸಿದರೆ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು. ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಮುದ್ದೆ ಮಾಡಿ ಮೂಲೆಗೆಸೆಯಬಾರದು. ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಂಡೀತು, ನೀರಿನಲ್ಲಿ ನೆನೆಸಿಡಿ.

ಹಿನ್ನೆಲೆಗೂ ಕಪ್ಪು ಟ್ಯೂಬ್ ಹಿಂಡಬೇಡಿ. ಅಲ್ಲಿ ಮೊದಲಿದ್ದದ್ದು ಹೊಳೆಯುವ ಹಸಿರು ಪರದೆ. ನೀಲಿ, ಹಳದಿಯ ತೆಳು ಪದರ ಮಾಸಿ ಇಂದಿನ ಕತ್ತಲಾಗಿದೆ. ಕಡುಬಣ್ಣ ಗಟ್ಟಿಯಾದ ಮೇಲೆ ಪಾರದರ್ಶಕ ಹಸಿರನ್ನು ಒಂದು ಕೈ ಸವರಿದರೆ ಆ ಕತ್ತಲಿಗೆ ಆಳ ಬರುತ್ತದೆ. ಬರೀ ಕಪ್ಪು ಹಚ್ಚಿದರೆ ರಸ್ತೆಯ ಡಾಂಬರೇ ಸರಿ.

ಕೊನೆಗೆ ಮುತ್ತು. ಅದಕ್ಕೆ ಕೊಂಡಿಯಿಲ್ಲ, ಪೂರ್ತಿ ದುಂಡನೆಯ ಅಂಚೂ ಇಲ್ಲ. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ದುಂಡಗೆ ಕಂಡಿತೋ ಇಲ್ಲವೋ ಎಂದು ಸುತ್ತ ಗೆರೆ ತಿದ್ದಿದರೆ ಮುತ್ತು ಹೋಗಿ ಗೋಲಿ ಕೂರುತ್ತದೆ. ಆಗ ಬಟ್ಟೆ ತೆಗೆದು ಒರೆಸಿ. ಹೇಗೂ ಮಳೆಗಾಲ, ಹಸಿಯಾಗಿಯೇ ಇರುತ್ತದೆ.