ಅಕ್ಕಿ ಕೊಟ್ಟಿದ್ದೀರಿ ಅಂತ ಅವರ ಆಧಾರ್ ನಂಬರ್ ಊರಿಗೆಲ್ಲ ಹಂಚಬೇಕಾ?

ಸಿಟ್ಟು ತಡೆಯೋಕೆ ಆಗ್ತಿಲ್ಲ. ನಮ್ಮ ಕಡೆ ನೆರೆ ಬಂದಾಗ ಕಿಟ್ ಹಂಚಿದ ಒಂದು ಸಂಸ್ಥೆ, ಕಿಟ್ ಪಡೆದವರ ಪೂರ್ತಿ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಸರು, ಊರು, ಫೋನ್ ನಂಬರ್, ಆಧಾರ್‌ನ 12 ಅಂಕಿ, ಬ್ಯಾಂಕ್ ಖಾತೆ ಎಲ್ಲ ಇದೆ. ಕೊನೆಗೆ ‘ಷರಾ’ ಅಂತ ಒಂದು ಕಾಲಂ. ಅದರಲ್ಲಿ ಏನಿದೆ ಗೊತ್ತಾ? ‘ವಿಧವೆ, ಒಬ್ಬಳೇ ಇದ್ದಾಳೆ.’ ‘ಗಂಡ ಬಿಟ್ಟಿದ್ದಾನೆ.’ ‘ಟಿಬಿ ಇದೆ.’

ಆ ಗ್ರೂಪಿನಲ್ಲಿ ದಾನಿಗಳು, ಲಾರಿಯವರು, ಪುಢಾರಿಗಳು, ಯಾರು ಸೇರಿಸಿದರೋ ಗೊತ್ತಿಲ್ಲದವರು ಎಲ್ಲರೂ ಇದ್ದಾರೆ. ಒಬ್ಬಳೇ ಇರುವ ಹೆಂಗಸಿನ ನಂಬರ್ ಇವರಿಗೆಲ್ಲ ಯಾಕೆ ಬೇಕು? ನಾಳೆ ಯಾವನೋ ಫೋನ್ ಮಾಡಿ, ಹೆಸರು, ಊರು, ಖಾತೆ ನಂಬರ್ ಎಲ್ಲ ಸರಿಯಾಗಿ ಹೇಳಿ, ‘ಪರಿಹಾರದ ದುಡ್ಡು ಬಂದಿದೆ, ಒಟಿಪಿ ಹೇಳಿ’ ಅಂದರೆ ಆಕೆ ನಂಬದೆ ಇರ್ತಾಳಾ?

ಕೇಳಿದರೆ ‘ದಾನಿಗಳಿಗೆ ಲೆಕ್ಕ ತೋರಿಸಬೇಕಲ್ವಾ’ ಅಂತಾರೆ. ತೋರಿಸಿ, ಯಾರು ಬೇಡ ಅಂದರು? ಯಾವ ಊರಲ್ಲಿ ಎಷ್ಟು ಮನೆಗೆ ಎಷ್ಟು ಚೀಲ ಅಂತ ತೋರಿಸಿದರೆ ಸಾಕು. ಗುರುತಿಗೆ ಟೋಕನ್ ಕೊಡಿ. ಆಧಾರೇ ಬೇಕು ಅಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ‘ಅವರೇ ಸಹಿ ಹಾಕಿದ್ದಾರೆ’ ಅನ್ನೋದು ಇನ್ನೊಂದು ಮಾತು. ಮನೆ ನೀರಲ್ಲಿದೆ, ಮಗು ಹಸಿದು ಅಳ್ತಿದೆ, ಹಿಂದೆ ಉದ್ದ ಸಾಲು ನಿಂತಿದೆ, ಆಗ ಹೆಬ್ಬೆಟ್ಟು ಒತ್ತು ಅಂದರೆ ಯಾರು ಒತ್ತೋದಿಲ್ಲ? ಅದನ್ನು ಒಪ್ಪಿಗೆ ಅಂತ ಕರೀಬೇಡಿ.

ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಂಡು ಬಾಂಗ್ಲಾದೇಶಕ್ಕೆ ಓಡಿ ಬಂದ ರೋಹಿಂಗ್ಯಾಗಳ ಕಥೆಯೂ ಇದೇ. ನೆರವಿಗೆ ಬೇಕಾದ ಕಾರ್ಡ್ ಸಿಗುತ್ತೆ ಅಂತ ಅವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಕೊಟ್ಟ ಮಾಹಿತಿ ಬಾಂಗ್ಲಾ ಸರ್ಕಾರದ ಮೂಲಕ ಅದೇ ಮ್ಯಾನ್ಮಾರ್ ಕೈಗೆ ಹೋಯಿತು ಅಂತ 2021ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಹೇಳಿತು. ಮರುವರ್ಷ ರೆಡ್ ಕ್ರಾಸ್ ಸರ್ವರ್‌ಗೇ ಕನ್ನ ಬಿದ್ದಿದ್ದು ಗೊತ್ತಾಯಿತು. 5 ಲಕ್ಷಕ್ಕೂ ಜಾಸ್ತಿ ಜನರ ವಿವರ, ಅದರಲ್ಲಿ ಯುದ್ಧದಲ್ಲಿ ಮನೆಯವರಿಂದ ದೂರವಾದವರದ್ದೂ ಇತ್ತು. ಅಲ್ಲಿ ಕಳ್ಳರು ಒಳಗೆ ನುಗ್ಗಬೇಕಾಯಿತು. ಇಲ್ಲಿ ನೀವೇ ಫಾರ್ವರ್ಡ್ ಮಾಡ್ತಿದ್ದೀರಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾಳಜಿ ಕೇಂದ್ರದಲ್ಲಿ ಚಾಪೆ ಮೇಲೆ ಮಲಗಿದವರಿಗೆ ಆ ಹಕ್ಕು ಇಲ್ವಾ?

ಪಟ್ಟಿ ಇವತ್ತೇ ಅಳಿಸಿ. ಡೌನ್‌ಲೋಡ್ ಮಾಡಿಕೊಂಡವರಿಗೂ ಅಳಿಸೋಕೆ ಹೇಳಿ. ಆಮೇಲೆ ಆ ಮನೆಗಳಿಗೆ ಹೋಗಿ, ನಿಮ್ಮ ನಂಬರ್ ನಮ್ಮಿಂದ ಹೊರಗೆ ಹೋಗಿದೆ, ಯಾರೇ ಕೇಳಿದರೂ ಒಟಿಪಿ ಹೇಳಬೇಡಿ ಅಂತ ಎದುರು ನಿಂತು ಹೇಳಿ.