ಹಳೆ ಫೋನ್ ಕೊಳ್ಳಲು ಬೆಂಗಳೂರಿನ ಅನುಮಾನವೂ ಬೇಕು, ಜರ್ಮನಿಯ ಬಿಲ್ಲೂ ಬೇಕು

ಜರ್ಮನಿಯಲ್ಲಿ ಆನ್‌ಲೈನ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಫೋನ್ ಕೊಂಡರೆ ಮೋಸದ ಭಯವೇ ಇಲ್ಲ ಅಂತ ಬೆಂಗಳೂರಿನ ನೆಂಟರು ನಂಬಿದ್ದಾರೆ. ಮ್ಯೂನಿಕ್‌ಗೆ ಹೊಸದಾಗಿ ಬಂದ ನಮ್ಮ ಹುಡುಗರೂ ಹಾಗೇ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ.

ವ್ಯಾಪಾರಿಯಿಂದ ಕೊಂಡರೆ ನಿಜ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ಹಳೆ ಫೋನಾದರೂ ಕಡಿಮೆ ಅಂದರೆ ಒಂದು ವರ್ಷ ಅದರ ದೋಷಕ್ಕೆ ಅವನೇ ಹೊಣೆ. ವ್ಯಾಪಾರಿಗಳು ಹಳೆ ಫೋನ್ ಸರಿಮಾಡಿ ಮಾರುವ ಬ್ಯಾಕ್ ಮಾರ್ಕೆಟ್, ರೀಫರ್ಬ್ಡ್‌ನಂಥ ತಾಣಗಳಲ್ಲಿ ಬೆಲೆ ಸ್ವಲ್ಪ ಜಾಸ್ತಿ ಅನಿಸುತ್ತದೆ, ಆದರೆ ಆ ಜಾಸ್ತಿ ದುಡ್ಡು ಈ ನೆಮ್ಮದಿಗೇ ಕೊಟ್ಟದ್ದು.

ನಮ್ಮವರು ಹುಡುಕುವುದು ಮಾತ್ರ ಕ್ಲೈನ್‌ಆನ್‌ಟ್ಸೈಗನ್‌ನಲ್ಲಿ. ಇಲ್ಲಿನ ಓಎಲ್‌ಎಕ್ಸ್ ಅನ್ನಿ. ಅಲ್ಲಿ ಮಾರುವವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥ ಜನ. ಜಾಹೀರಾತಿನ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ಖಾಸಗಿ ಮಾರಾಟ, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಆ ಸಾಲನ್ನು ಕಾನೂನೂ ಒಪ್ಪುತ್ತದೆ. ಗೊತ್ತಿದ್ದೂ ದೋಷ ಮುಚ್ಚಿಟ್ಟ ಅಂತ ನೀವು ಸಾಬೀತು ಮಾಡಿದರೆ ಮಾತ್ರ ಅವನು ಸಿಕ್ಕಿಬೀಳುತ್ತಾನೆ. ಇನ್ನು ಅದು ಕದ್ದ ಫೋನಾಗಿದ್ದರೆ, ನೀವು ಎಷ್ಟೇ ಪ್ರಾಮಾಣಿಕವಾಗಿ ದುಡ್ಡು ಕೊಟ್ಟಿದ್ದರೂ ಅದು ನಿಮ್ಮದಾಗುವುದಿಲ್ಲ. ಕಳಕೊಂಡವರು ಬಂದು ಕೇಳಿದರೆ ಕೊಡಲೇಬೇಕು.

ಅದಕ್ಕೇ ಇಲ್ಲಿನ ಜನ ಫೋನಿಗಿಂತ ಮೊದಲು ಬಿಲ್ ಕೇಳುತ್ತಾರೆ. ಕೆಲವರು ನಾಲ್ಕು ಸಾಲಿನ ಕರಾರು ಬರೆದು, ಐಡಿ ನೋಡಿ, ಸಹಿ ಹಾಕಿಸಿಕೊಳ್ಳುತ್ತಾರೆ. ಒಂದು ಹಳೆ ಫೋನಿಗೆ ಇಷ್ಟೊಂದಾ ಅಂತ ನಗು ಬರುತ್ತದೆ. ಆದರೂ ಈ ಅಭ್ಯಾಸ ನಮ್ಮೂರಿಗೆ ಬಂದರೆ ಒಳ್ಳೆಯದು. ನಮ್ಮಲ್ಲಿ "ಬಿಲ್ ಎಲ್ಲೋ ಕಳೆದುಹೋಯ್ತು ಸಾರ್" ಅಂದರೆ "ಹೌದಾ, ಇನ್ನೂರು ಕಮ್ಮಿ ಮಾಡಿ" ಅಂತೀವಿ, ಅಲ್ವಾ?

ಕಾಗದದಲ್ಲಿ ಇಷ್ಟು ಬಿಗಿ ಇರುವ ಜನ ದುಡ್ಡು ಕಳಿಸುವಾಗ ಮೆತ್ತಗಾಗುತ್ತಾರೆ. "ಪೇಪಾಲ್‌ನಲ್ಲಿ ಸ್ನೇಹಿತರಿಗೆ ಕಳಿಸುವ ಹಾಗೆ ಕಳಿಸಿ, ಫೀಸ್ ಉಳಿಯುತ್ತೆ" ಅಂದರೆ ಎಷ್ಟೋ ಜನ ಕಳಿಸಿಬಿಡುತ್ತಾರೆ. ಹಾಗೆ ಕಳಿಸಿದ ದುಡ್ಡಿಗೆ ಪೇಪಾಲ್‌ನ ಯಾವ ರಕ್ಷಣೆಯೂ ಇಲ್ಲ. ಫೋನ್ ಬರದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಕೂರಬೇಕು.

ಇಲ್ಲಿ ಬೆಂಗಳೂರಿನ ಅನುಮಾನ ಕೆಲಸಕ್ಕೆ ಬರುತ್ತದೆ. ನ್ಯಾಷನಲ್ ಮಾರ್ಕೆಟ್‌ನಲ್ಲಿ ಹಳೆ ಫೋನ್ ಕೊಳ್ಳುವವರನ್ನು ನೋಡಿ. ತಮ್ಮ ಸಿಮ್ ಹಾಕಿ ಫೋನ್ ಮಾಡುತ್ತಾರೆ. ಚಾರ್ಜರ್ ಚುಚ್ಚುತ್ತಾರೆ. ಕ್ಯಾಮೆರಾ ಹಿಂದೆ ಮುಂದೆ ತಿರುಗಿಸುತ್ತಾರೆ. ಬಿಸಿಲಿಗೆ ಹಿಡಿದು ಸ್ಕ್ರೀನ್ ನೋಡುತ್ತಾರೆ. ಆಮೇಲಷ್ಟೇ ಜೇಬಿಗೆ ಕೈ. ಮ್ಯೂನಿಕ್‌ನಲ್ಲೂ ನಾನು ಇದನ್ನೇ ಮಾಡುತ್ತೇನೆ. ಜಾಹೀರಾತು ಆನ್‌ಲೈನ್‌ನಲ್ಲಿ ನೋಡಿದರೂ ಭೇಟಿ ಸ್ಟೇಷನ್ ಪಕ್ಕದ ಕೆಫೆಯಲ್ಲಿ. ಮಾರುವವರು ಗಡಿಯಾರ ನೋಡುತ್ತಾರೆ, ನೋಡಲಿ.

ಮುಖ್ಯವಾದದ್ದು ಹಳೆ ಖಾತೆ. ಐಫೋನಾದರೆ ಮಾರುವವರು ನನ್ನೆದುರೇ, ಕಳೆದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಿ, ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ, ಫೋನ್ ಪೂರ್ತಿ ಅಳಿಸಬೇಕು. ಇಲ್ಲದಿದ್ದರೆ ಆ್ಯಕ್ಟಿವೇಶನ್ ಲಾಕ್ ಉಳಿಯುತ್ತದೆ, ಅವರ ಪಾಸ್‌ವರ್ಡ್ ಇಲ್ಲದೆ ಆ ಫೋನ್ ಬರೀ ಗಾಜಿನ ಬಿಲ್ಲೆ. ಆಂಡ್ರಾಯ್ಡ್‌ನಲ್ಲೂ ಗೂಗಲ್ ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಇದೇ ಕಥೆ ಆಗಬಹುದು. ಐಫೋನಾದರೆ ಅಳಿಸುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿಕೊಳ್ಳಿ. 80 ಶೇಕಡಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚು ಹಿಡಿದೇ ಚೌಕಾಸಿ ಮಾಡಿ. ಸ್ಕ್ರೀನ್ ಬದಲಾಗಿದೆಯೇ, ಹಾಕಿದ್ದು ಅಸಲಿಯೇ ಅನ್ನುವುದನ್ನು ಈಚಿನ ಐಫೋನ್‌ಗಳ 'ಅಬೌಟ್' ಪುಟವೇ ಹೇಳುತ್ತದೆ.

ನಮ್ಮೂರಿನವರಿಗೆ ಒಂದು ಸೌಲಭ್ಯ ಇದೆ, ಅದನ್ನು ಬಳಸುವವರೇ ಕಮ್ಮಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ KYM ಅಂತ ಹಾಕಿ, 14422ಕ್ಕೆ ಎಸ್‌ಎಂಎಸ್ ಮಾಡಿ. 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲೂ ನೋಡಬಹುದು. ಬ್ಲಾಕ್ ಆಗಿದ್ದರೆ ಅಥವಾ ನಕಲಿ ಸಂಖ್ಯೆ ಅಂತ ಬಂದರೆ ಅಲ್ಲಿಗೇ ಕೈಬಿಡಿ. ಜರ್ಮನಿಯಲ್ಲಿ ಸರ್ಕಾರವೇ ನಡೆಸುವ ಇಂಥದ್ದನ್ನು ನಾನು ಕಂಡಿಲ್ಲ.

ಯುಪಿಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ, ತಗೊಳ್ಳುವುದಕ್ಕಲ್ಲ. ಸೈನಿಕ ಅಂತ ಹೇಳಿ, ಕ್ಯಾಂಟೀನ್ ಕಾರ್ಡಿನ ಫೋಟೋ ಕಳಿಸಿ, "ವರ್ಗ ಆಗಿದೆ, ಅರ್ಜೆಂಟ್" ಅನ್ನುವವನಿಗೆ ಅಡ್ವಾನ್ಸ್ ಹಾಕಬೇಡಿ. "ಅಮೆರಿಕ ಪೀಸ್" ಐಫೋನ್ ಅಗ್ಗಕ್ಕೆ ಸಿಕ್ಕಿದರೂ ಸ್ವಲ್ಪ ನಿಲ್ಲಿ. 14ರಿಂದ ಈಚೆಗೆ ಅಲ್ಲಿಯ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಒಂದೇ ಗತಿ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಅರ್ಧ ರೇಟಿಗೆ ಕೊಡ್ತೀನಿ ಅಂತಾನೆ. ಐಎಂಇಐ ಕೇಳಿದ ಮೇಲೆ ಮೆಸೇಜ್ ನೋಡಿ ಸುಮ್ನಾಗಿದಾನೆ." ಇನ್ನೊಂದು ಸಲ ಕೇಳಲೂ ಹೋಗಬೇಡ, ಬೇರೆ ನೋಡು ಅಂದೆ.