ಮೋರ್ಯರ ಮನೆಯಲ್ಲಿ ಬಂಗಾರ ಐತಂತೆ!

ಕಳ್ಳತನಕ್ಕೂ ಸ್ವಲ್ಪ ತಲೆ ಬೇಕು. ಕನ್ನ ಹಾಕುವ ಮೊದಲು ಮನೆಯವನ ಹತ್ತಿರ ಏನಿದೆ ಅಂತ ವಿಚಾರಿಸಬೇಕು, ಅಲ್ವಾ? ನಮ್ಮ ನಿಧಿಗಳ್ಳರಿಗೆ ಅಷ್ಟೂ ತಾಳ್ಮೆ ಇಲ್ಲ.

ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡ. ಅದರ ಮೇಲೆ ಕಬ್ಬಿಣ ಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಸುತ್ತ ಕಲ್ಲಿನ ಚಪ್ಪಡಿ ನಿಲ್ಲಿಸಿ, ತಲೆ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಮುಂದೆ ದುಂಡನೆಯ ಕಿಂಡಿ. ಮೋರ್ಯರು ಅನ್ನುವ ಕುಳ್ಳ ಜನ ಇಲ್ಲಿ ಸಂಸಾರ ಮಾಡಿದ್ದರು ಅಂತ ಊರವರ ನಂಬಿಕೆ. ಹಾಗಾಗಿ ಇವು ಮೋರ್ಯರ ಮನೆಗಳು. 2,000 ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದವು. ಯುನೆಸ್ಕೋಗಿಂತ ಎಷ್ಟೋ ಮೊದಲೇ ನಿಧಿಗಳ್ಳರ ಪಟ್ಟಿಗೆ ಸೇರಿದ್ದವು, ಆ ಮಾತು ಬೇರೆ.

ಆ ಕಾಲದ ಜನ ಸತ್ತವರ ಜೊತೆ ಇಡುತ್ತಿದ್ದದ್ದು ಹೆಚ್ಚಾಗಿ ಕಪ್ಪು ಕೆಂಪು ಮಡಕೆ, ಕಬ್ಬಿಣದ ಹತಾರ, ಒಂದಿಷ್ಟು ಮಣಿ. ಅಂಜನ ಹಾಕಿ ನೋಡುವ ಸ್ವಾಮಿಗಳಿಗೆ ಮಾತ್ರ ಮಡಕೆ ಕಾಣುವುದೇ ಇಲ್ಲ. ಕಂಡರೆ ಕೊಪ್ಪರಿಗೆಯೇ, ಅದೂ ಬಂಗಾರ ತುಂಬಿದ್ದು. ಅಮಾವಾಸ್ಯೆ ರಾತ್ರಿ ಹಾರೆ ಬೀಳುತ್ತದೆ, ಮಡಕೆ ಒಡೆಯುತ್ತದೆ. 'ಥೂ, ಬರೀ ಮಡಕೆ' ಅಂತ ಬೋಕಿಯನ್ನು ಎಸೆದು ಪಕ್ಕದ ಮನೆಗೆ ಹೋಗುತ್ತಾರೆ.

ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅನ್ನುತ್ತದೆ ಕಾನೂನು. ಹೆದರಿಸಲು ಬರೆದದ್ದು, ಪಾಪ. ಓದಿದವರ ಲೆಕ್ಕವೇ ಬೇರೆ: ಲಕ್ಷ ದಂಡ ಹಾಕ್ತಾರೆ ಅಂದ್ರೆ ಒಳಗೆ ಕೋಟಿ ಇರಲೇಬೇಕು!

ಹಗಲಿನ ಗಿರಾಕಿಗಳು ಇನ್ನೊಂದು ಜಾತಿ. ಗುಡ್ಡದ ಮೇಲೆ ಬಂಡೆಯೊಂದರ ನೆತ್ತಿಗೆ ಕಲ್ಲಿನ ನಗಾರಿ ಇದೆ. ಬಡಿದರೆ ದೂರದವರೆಗೆ ಕೇಳುತ್ತದೆ. ಕಂಡವರೆಲ್ಲ ಕಲ್ಲು ಹಿಡಿದು ಬಡಿಯುವವರೇ. ಆಮೇಲೆ ಸಮಾಧಿಯ ಕಿಂಡಿಯಲ್ಲಿ ತಲೆ ತೂರಿಸಿ ಸೆಲ್ಫಿ. ಸ್ಮಶಾನದಲ್ಲಿ ಇಷ್ಟು ನಗುಮುಖ ನಾನೆಲ್ಲೂ ಕಂಡಿಲ್ಲ.

ನಾನು ಹೋದ ದಿನ ಒಂದು ಮೋರ್ಯರ ಮನೆ ಮುಂದೆ ಕುಂಕುಮ, ಹೆಚ್ಚಿದ ನಿಂಬೆಹಣ್ಣು, ತೆಂಗಿನಕಾಯಿ ಚೂರು ಬಿದ್ದಿದ್ದವು. ಒಳಗೆ ಇಣುಕಿದೆ. ನೆಲ ಅಂದರೆ ಬರೀ ಹಾಸುಬಂಡೆ. ಅದರ ಮೇಲೆ ಬೆಳ್ಳಗೆ ಹಾರೆಯ ಗಾಯ, ನಾಲ್ಕೈದು ಕಡೆ.

ಅಲ್ಲೇ ಆಡು ಮೇಯಿಸುತ್ತಿದ್ದ ಮುದುಕರನ್ನು ಕೇಳಿದೆ: "ಅಜ್ಜಾ, ಇವರಿಗೆ ಏನಾದರೂ ಸಿಕ್ಕಿತಾ?"

"ಬಂಡೆ ಒಳಗ ಏನ್ ಸಿಗ್ತೈತ್ರೀ ಸರ? ಹಾರಿ ಮೊಂಡ ಆಗಿರತೈತಿ, ಅಷ್ಟ."

ಅಷ್ಟರಲ್ಲಿ ಅವರ ಆಡೊಂದು ಬಂತು. ನಿಂಬೆಹಣ್ಣು ಮೂಸಿ ಬಿಟ್ಟಿತು. ತೆಂಗಿನಚೂರನ್ನು ಕಟುಂ ಕಟುಂ ಅಂತ ಜಗಿದು ತಿಂದಿತು. ಇಡೀ ನಿಧಿಶೋಧದಲ್ಲಿ ಏನಾದರೂ ದಕ್ಕಿದ್ದು ಅದೊಂದಕ್ಕೇ.